ಫೋರ್ಮೆನ್ ಪೊರೆ ಬಿಡುವವರೆಗೆ

ನಮ್ಮ ರಾಫೆಲನ ಮದುವೆ ಒಂದು ಅರಣೆಯ ದೆಸೆಯಿಂದ ನಿಲ್ಲುವುದರಲ್ಲಿತ್ತು ಎಂದು ಕುಲಶೇಖರದಲ್ಲಿ ಈಗಲೂ ಜನ ಹೇಳ್ತಾರೆ. ಹೇಳುವವರು ಹೇಳಲಿ. ಆದರೆ ಕೆಲವರು ಅದನ್ನು ಹಲ್ಲಿ ಅನ್ತಾರೆ, ಕೆಲವರು ಓತಿಕ್ಯಾತ ಅನ್ತಾರೆ, ಬಲ್ಮಠದಲ್ಲಿ ಒಬ್ಬರು ಉಡ ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಉಡವಂತೆ! ಉಡವನ್ನು ಯಾರಾದರೂ ಬಾರ್ ಸೋಪಿನ ಪೆಟ್ಟಿಗೆಯಲ್ಲಿ ಸಾಕ್ತಾರಾ? ನಾನು ಮೂರನೇ ಕ್ಲಾಸಿಗೆ ಪಾಠ ಮಾಡಿ ಮಾಡಿ ತಲೆ ನರೆತವಳು, ತಪ್ಪು ಕಿವಿಗೆ ಬಿದ್ದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಅದು ಪುಸ್ತಕದ ಕನ್ನಡದಲ್ಲಿ ಹಾವುರಾಣಿ, ನಮ್ಮ ಕಡೆ ಅರಣೆ. ಒಂದು ಗೇಣು ಉದ್ದ, ತಾಮ್ರದ ಬಣ್ಣ, ಹೊಳೆಯುವ ಮೈ. ಹಾವಿಗೆ ಯಾರೋ ಮನಸ್ಸಿಲ್ಲದೆ ನಾಲ್ಕು ಕಾಲು ಅಂಟಿಸಿದ ಹಾಗೆ ಕಾಣ್ತದೆ. ಅಷ್ಟೇ.

ರಾಫೆಲ್ ನನ್ನ ತಮ್ಮ. ಹಂಚಿನ ಕಾರ್ಖಾನೆಯಲ್ಲಿ ಚೆಕ್ಕರ್. ಭಟ್ಟಿಯಿಂದ ಬಂದ ಹಂಚನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವುದು ಅವನ ಕೆಲಸ. ಟಣ್ ಎಂದರೆ ಒಳ್ಳೆಯ ಹಂಚು. ಟಪ್ ಎಂದರೆ ಒಳಗೆ ಬಿರುಕುಂಟು, ಬದಿಗೆ ಹಾಕು. ಇಡೀ ದಿನ ಇದನ್ನೇ ಮಾಡಿ ಅವನಿಗೆ ಅಭ್ಯಾಸ ಕೈಗಂಟಿಹೋಗಿದೆ. ಮನೆಯಲ್ಲಿ ಬಸಳೆ ಸಾರಿನ ಪಾತ್ರೆ ತಟ್ಟುತ್ತಾನೆ, ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ತಟ್ಟುತ್ತಾನೆ, ಇಗರ್ಜಿಯಲ್ಲಿ ಪೂಜೆ ನಡೆಯುವಾಗ ಮುಂದಿನ ಬೆಂಚು ತಟ್ಟಿ ನೋಡ್ತಾನೆ. ಮಾತು ಕಡಿಮೆ. ಮಾತಾಡಿದರೆ ಅರಣೆಯ ವಿಷಯವೇ ಮಾತಾಡುವುದು.

ಅದು ನಮ್ಮ ಮನೆಗೆ ಬಂದದ್ದು ಎಪ್ಪತ್ತನಾಲ್ಕರಲ್ಲಿ, ನಮ್ಮ ಮಾಂಯ್, ಅಂದರೆ ಅಮ್ಮ, ತೀರಿಹೋದ ವಾರ. ಒಡೆದ ಹಂಚಿನ ರಾಶಿಯಲ್ಲಿ ಬಾಲ ಕಳೆದುಕೊಂಡು ಬಿದ್ದಿತ್ತಂತೆ, ಬಾಲ ಆಮೇಲೆ ಪುನಃ ಬೆಳೆಯಿತು. ಇವನು ಊಟದ ಬುತ್ತಿಯಲ್ಲಿ ಹಾಕಿಕೊಂಡು ಬಂದ. ನಾನು ತೊಳೆಯಲೆಂದು ಬುತ್ತಿ ತೆರೆದೆ. ನನ್ನ ಬೊಬ್ಬೆ ಕೇಳಿ ಪಕ್ಕದ ಮನೆಯ ರತ್ನಾವತಿಯಕ್ಕ ಕಳ್ಳ ಹೊಕ್ಕಿದ್ದಾನೆ ಎಂದು ಕತ್ತಿ ಹಿಡಿದುಕೊಂಡು ಓಡಿ ಬಂದರು.

"ಅಯ್ಯೋ ಟೀಚರ್ರೇ, ಇದು ಅರಣೆ! ಇದು ನೆಕ್ಕಿದರೆ ಸಾಕು, ಮನುಷ್ಯ ಉಳಿಯುವುದಿಲ್ಲ," ಎಂದರು. ಆಮೇಲೆ ಸಮಾಧಾನಕ್ಕೆ ಸೇರಿಸಿದರು. "ಆದರೆ ಇದಕ್ಕೆ ಮರೆವು ಜಾಸ್ತಿ. ನೆಕ್ಕಲು ಅಂತ ಬಂದದ್ದು ದಾರಿಯಲ್ಲೇ ಮರೆತುಬಿಡ್ತದೆ."

ರಾಫೆಲ್ ಅದನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮೆದುರೇ ನೆಕ್ಕಿಸಿಕೊಂಡ. ನಾವಿಬ್ಬರೂ ಸ್ವಲ್ಪ ಹೊತ್ತು ಕಾದೆವು. ಅವನು ಸಾಯಲಿಲ್ಲ. ರತ್ನಾವತಿಯಕ್ಕ ಕತ್ತಿ ತೆಗೆದುಕೊಂಡು ವಾಪಸು ಹೋದರು, ಸ್ವಲ್ಪ ಬೇಸರದಲ್ಲೇ.

ಬಿಸಿಲು ಬೀಳುವ ಜಾಗ ಹುಡುಕಿ ಹೊಟ್ಟೆ ಊರಿ ಮಲಗುವುದು, ಬೇರೆಯವರು ಕೆಲಸ ಮಾಡುವುದನ್ನು ಅರ್ಧ ಕಣ್ಣು ಮುಚ್ಚಿ ನೋಡುವುದು, ಇಷ್ಟೇ ಅದರ ದಿನಚರಿ. ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ ಒಬ್ಬರಿಗೆ ಸಂಬಳ ಕೊಡ್ತಾರೆ ಎಂದು ರಾಫೆಲ್ ಅದಕ್ಕೆ ಫೋರ್ಮೆನ್ ಅಂತ ಹೆಸರಿಟ್ಟ.

ಫೋರ್ಮೆನ್‌ನ ಊಟದ ವಿಷಯ ಹೇಳಿದರೆ ನೀವು ನಂಬಲಿಕ್ಕಿಲ್ಲ. ಬೆಳಿಗ್ಗೆ ನನಗೆ ತಿನ್ನಲು ಎಂತ ಬೇಕು ಎಂದು ಆ ಮನೆಯಲ್ಲಿ ಕೇಳಿದವರಿಲ್ಲ. ಅದಕ್ಕೆ ಮಾತ್ರ ಜಿರಳೆ, ಅದೂ ಜೀವ ಇರುವ ಜಿರಳೆ, ಮುಳ್ಳುಗಾಲು ಮುರಿದು ರೆಕ್ಕೆ ಕಿತ್ತು. ಮಳೆಗಾಲದಲ್ಲಿ ಎರೆಹುಳ. ಹುಲ್ಲಿನಿಂದ ಮಿಡತೆ. ಎಲುಬು ಗಟ್ಟಿಯಾಗಬೇಕೆಂದು ಮೊಟ್ಟೆಯ ಓಡನ್ನು ನನ್ನ ಅರೆಯುವ ಕಲ್ಲಿನಲ್ಲೇ ಪುಡಿಮಾಡಿ ಜಿರಳೆಯ ಮೇಲೆ ಉದುರಿಸುತ್ತಿದ್ದ. ಆಗಾಗ ಒಂದು ಚೂರು ಕದಳಿ ಬಾಳೆಹಣ್ಣು. ಹಾಲು ಕೊಡಬಾರದು, ಹೊಟ್ಟೆ ಕೆಡ್ತದೆ. ರತ್ನಾವತಿಯಕ್ಕ ಹಾವಿನ ಕಡೆಯದ್ದಲ್ಲವಾ ಎಂದು ಭಕ್ತಿಯಿಂದ ತಂದ ಹಾಲಿನಲ್ಲಿ ಇವನು ಚಾ ಮಾಡಿ ಕುಡಿದ.

ಶುಕ್ರವಾರ ನಮ್ಮಲ್ಲಿ ಮಾಂಸ ಇಲ್ಲ. ಈ ಸೂರಿನ ಅಡಿಯಲ್ಲಿ ಯಾರಿಗೂ ಇಲ್ಲ ಎಂದು ನಾನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ. ಜಿರಳೆ ಮಾಂಸವೋ ಅಲ್ಲವೋ ಎಂದು ರಾಫೆಲ್ ಪಾಪನಿವೇದನೆಗೆ ಹೋದಾಗ ಫಾದರಿನ ಹತ್ತಿರ ಕೇಳಿದನಂತೆ. ಫಾದರು ಜಾಲರಿಯ ಆಚೆ ಒಮ್ಮೆ ಕೆಮ್ಮಿ, ಮೂರು ನಮೋ ಮರಿಯೆ ಹೇಳಿ ಮನೆಗೆ ಹೋಗು ಎಂದರಂತೆ. ಅದು ಹೌದೆಂದದ್ದೋ ಅಲ್ಲವೆಂದದ್ದೋ ನಮಗೆ ಈ ತನಕ ಗೊತ್ತಾಗಲಿಲ್ಲ.

ಇನ್ನು ಪೊರೆ. ಹಾವಿನ ಪೊರೆ ಕಾಲುಚೀಲ ಕಳಚಿದ ಹಾಗೆ ಇಡೀ ಬರ್ತದೆ. ಅರಣೆಯದ್ದು ಹಾಗಲ್ಲ, ತುಂಡು ತುಂಡು. ಮೊದಲು ಮೈಯ ಹೊಳಪು ಹೋಗಿ ಬೂದಿ ಬಣ್ಣ ಬರ್ತದೆ, ಊಟ ಬಿಡ್ತದೆ, ಮೂಲೆ ಹಿಡೀತದೆ. ಆಮೇಲೆ ಹಂಚಿನ ಚೂರಿಗೆ ಮೈ ಉಜ್ಜಿ ಉಜ್ಜಿ ಕಳಚುವುದು. ಕೊನೆಗೆ ಉಳಿಯುವುದು ಕಾಲಿನ ಬೆರಳು. ಅಲ್ಲಿಯ ಪೊರೆ ಬಿಡದೆ ಒಣಗಿತೋ, ದಾರ ಕಟ್ಟಿದ ಹಾಗೆ ಬಿಗಿದು ಬೆರಳು ಕಪ್ಪಾಗಿ ಉದುರಿಹೋಗ್ತದೆ. ಅದಕ್ಕೇ ಪೆಟ್ಟಿಗೆಯನ್ನು ಬಚ್ಚಲಿನ ಬದಿಯಲ್ಲಿ ತೇವ ಇರುವಲ್ಲಿ ಇಡಬೇಕು. ಇದನ್ನೆಲ್ಲ ರಾಫೆಲ್ ನನಗೆ ಹೇಳುವುದು ಊಟಕ್ಕೆ ಕೂತಾಗಲೇ.

ಈಗ ಜೊಕಿಮ್ ಬಾಬ್‌ನ ವಿಷಯ ಹೇಳಬೇಕು. ಹೇಳದಿದ್ದರೆ ಮುಂದೆ ನನಗೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ನಿಮಗೆ ತಿಳಿಯುವುದಿಲ್ಲ. ಬಾಬ್ ಎಂದು ನಾವು ಮರ್ಯಾದೆಗೆ ಕರೆಯುವುದು. ಜೊಕಿಮ್ ಬಾಬ್‌ಗೆ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿ ಬೇಕರಿ. ಹೆಂಡತಿ ಬೇಗ ತೀರಿಹೋದಳು, ಮಕ್ಕಳಿಲ್ಲ. ಅರುವತ್ತೆಂಟರಲ್ಲಿ, ಮೊಂತಿ ಹಬ್ಬದ, ಅಂದರೆ ನಮ್ಮ ತೆನೆ ಹಬ್ಬದ ದಿನ, ಇಗರ್ಜಿಯ ಅಂಗಳದಲ್ಲಿ ಕೈಯಲ್ಲಿ ಹೊಸ ತೆನೆ ಹಿಡಿದುಕೊಂಡೇ ನನ್ನನ್ನು ಮದುವೆಗೆ ಕೇಳಿದರು. ಮಾಂಯ್ ಆಗ ಹಾಸಿಗೆ ಹಿಡಿದಿದ್ದರು. ಮಾಂಯ್‌ದು ಒಂದು ದಾರಿ ಆಗಲಿ ಎಂದೆ. ಅಂದಿನಿಂದ ಪ್ರತಿ ಆದಿತ್ಯವಾರ ಪೂಜೆ ಮುಗಿದ ಮೇಲೆ ಬಂದು, "ಮಾಂಯ್‌ದು ಎಂತಾಯ್ತು?" ಎಂದು ಕೇಳುತ್ತಿದ್ದರು. ಎಷ್ಟು ಕಾಳಜಿಯ ಮನುಷ್ಯ ಎಂದು ಊರವರು ಹೊಗಳಿದರು. ಮಾಂಯ್ ಹೋಗುವಾಗ ನನ್ನ ಕೈ ಹಿಡಿದು, ರಾಫೆಲನನ್ನು ಒಂದು ದಡ ಸೇರಿಸು ಎಂದರು. ನಾನು ಹ್ಞೂಂ ಎಂದೆ. ಜೊಕಿಮ್ ಬಾಬ್‌ಗೂ ಅದನ್ನೇ ಹೇಳಿದೆ. ಮುಂದಿನ ಆದಿತ್ಯವಾರದಿಂದ ಅವರು, "ರಾಫೆಲ್‌ದು ಎಂತಾಯ್ತು?" ಎಂದು ಕೇಳತೊಡಗಿದರು.

ನನಗೆ ಆಸೆ ಇತ್ತು. ಮುಚ್ಚುಮರೆ ಎಂತಕ್ಕೆ? ನಲವತ್ತೇಳರಲ್ಲಿ ಆಸೆ ಇರಬಾರದು ಎಂದು ಯಾವ ಇಗರ್ಜಿಯ ಗೋಡೆಯಲ್ಲೂ ಬರೆದಿಲ್ಲ. ನನಗೂ ಒಂದು ಮನೆ ಬೇಕಿತ್ತು, ಬಚ್ಚಲಿನಲ್ಲಿ ಪ್ರಾಣಿ ಇಲ್ಲದ ಮನೆ.

ರಾಫೆಲ್‌ಗೆ ಹೆಣ್ಣು ನೋಡಲು ಹೋದಲ್ಲೆಲ್ಲ ಅವನು ಕಾಫಿಯ ಕಪ್ಪನ್ನು ತಟ್ಟಿ ನೋಡಿ, "ನನ್ನ ಹತ್ತಿರ ಒಂದು ಅರಣೆ ಉಂಟು" ಎಂದು ಹೇಳಿಬಿಡುತ್ತಿದ್ದ. ಮೊದಲು ಹೇಳಿಬಿಡುವುದು ಒಳ್ಳೆಯದಂತೆ. ಮೂರು ಸಂಬಂಧ ಹಾಗೆ ಕೈತಪ್ಪಿದವು. ನಾಲ್ಕನೆಯದು ದೇರೆಬೈಲಿನ ಜೂಲಿ. ಕುವೈತಿನಲ್ಲಿ ನರ್ಸ್, ಮೂವತ್ತೈದು ವರ್ಷ, ರಜೆಯಲ್ಲಿ ಬಂದಿದ್ದಳು. ರಾಫೆಲ್ ಕಪ್ಪು ತಟ್ಟಿದ, ಅರಣೆ ಉಂಟು ಎಂದ. ನಾನು ಎದ್ದು ಹೊರಡಲು ಸೆರಗು ಸರಿಮಾಡಿಕೊಂಡೆ.

"ಪೊರೆ ಒಂದೇ ಸಲಕ್ಕೆ ಬಿಡ್ತದಾ, ತುಂಡು ತುಂಡಾ?" ಎಂದು ಜೂಲಿ ಕೇಳಿದಳು.

ಹುಟ್ಟಿದಂದಿನಿಂದ ಇವನನ್ನು ಯಾರೂ ಇಂಥದ್ದು ಕೇಳಿರಲಿಲ್ಲ. ಅವನ ಎರಡೂ ಕಿವಿ ಕೆಂಪಾದವು. ಆ ದಿನ ಅವರ ಮನೆಯಲ್ಲಿ ಅವನು ಮಾತಾಡಿದಷ್ಟು ನಮ್ಮ ಮನೆಯಲ್ಲಿ ಒಂದು ವರ್ಷದಲ್ಲಿ ಮಾತಾಡಿದ್ದಿಲ್ಲ.

ಜೂಲಿ ನೇರ ಮಾತಿನವಳು. "ಮದುವೆ ಆದರೆ ನಾನು ಕುವೈತಿಗೆ ವಾಪಸು ಹೋಗುವುದಿಲ್ಲ. ಆಗದಿದ್ದರೆ ಮಾರ್ಚಿನಲ್ಲಿ ಹೋಗ್ತೇನೆ, ಮತ್ತೆ ಗಂಡು ನೋಡಲು ಬರುವುದಿಲ್ಲ. ನನಗೆ ಸಾಕಾಗಿದೆ," ಎಂದಳು. ಇದು ಎಪ್ಪತ್ತೊಂಬತ್ತರ ಜನವರಿಯಲ್ಲಿ. ಫೆಬ್ರವರಿ ಕೊನೆಗೆ ಬೂದಿ ಬುಧವಾರ. ಅಲ್ಲಿಂದ ಈಸ್ಟರಿನ ತನಕ ಕರೆಜ್ಮ, ನಮ್ಮ ಉಪವಾಸದ ಕಾಲ. ಆಗ ಇಗರ್ಜಿಯಲ್ಲಿ ಮದುವೆ ಮಾಡಿಸುವುದಿಲ್ಲ. ಹಾಗಾಗಿ ಬೂದಿ ಬುಧವಾರದ ಹಿಂದಿನ ಸೋಮವಾರ ಎಂದು ನಿಶ್ಚಯವಾಯ್ತು. ಅದು ತಪ್ಪಿದರೆ ಜೂಲಿ ವಿಮಾನ ಹತ್ತಿದ ಹಾಗೆಯೇ, ರಾಫೆಲ್ ಬಚ್ಚಲಲ್ಲಿ ಉಳಿದ ಹಾಗೆಯೇ. ನನ್ನದು ಕೇಳುವುದೇ ಬೇಡ.

ಮದುವೆಯ ಮನೆ ಎಂದ ಮೇಲೆ ಸುಣ್ಣ ಬಳಿಯದೆ ಆಗ್ತದಾ? ಸುಣ್ಣ ಬಳಿಯಲು ಶುಕೂರ್ ಬಂದ. ಮೂಲೆ ಮೂಲೆಗೆ ಡಿಡಿಟಿ ಪುಡಿಯನ್ನೂ ಹಾಕಿದ. ಫೋರ್ಮೆನ್‌ನ ಮೇಲೆ ಸುಣ್ಣ ಬಿದ್ದೀತೆಂದು ರಾಫೆಲ್ ತಾನೇ ಪೆಟ್ಟಿಗೆಯನ್ನು ಹೊತ್ತು ಅಟ್ಟಕ್ಕೆ ಹಾಕಿದ. ಫೆಬ್ರವರಿಯ ಬಿಸಿಲು, ಮೇಲೆ ಅವನದೇ ಕಾರ್ಖಾನೆಯ ಹಂಚು, ಅಟ್ಟ ಅಂದರೆ ಒಲೆ. ಕೆಳಗೆ ಮನೆಯಲ್ಲಿ ಒಂದೇ ಒಂದು ಜಿರಳೆ ಉಳಿಯಲಿಲ್ಲ. ಸತ್ತು ಬಿದ್ದದ್ದನ್ನು ಕೊಡುವ ಹಾಗಿಲ್ಲ, ವಿಷ ತಿಂದದ್ದು. ನನ್ನ ಮನೆ ಕಟ್ಟಿದಂದಿನಿಂದ ಅಷ್ಟು ಚೊಕ್ಕಟ ಇದ್ದದ್ದೇ ಇಲ್ಲ, ನನ್ನ ತಮ್ಮ ಮಾತ್ರ ಸೂತಕದ ಮುಖ ಮಾಡಿಕೊಂಡು ತಿರುಗುತ್ತಿದ್ದ.

ಸುಣ್ಣ ಒಣಗಿ ಪೆಟ್ಟಿಗೆ ಕೆಳಗೆ ಬರುವಾಗ ಫೋರ್ಮೆನ್ ಬೂದಿ ಬಣ್ಣಕ್ಕೆ ತಿರುಗಿ, ಬೆನ್ನಿನ ಪೊರೆ ಅಲ್ಲಲ್ಲಿ ಎದ್ದು ನಿಂತಿತ್ತು. ಬಾಳೆಹಣ್ಣು ಕೊಟ್ಟರೆ ಮುಖ ತಿರುಗಿಸಿತು. ರಾಫೆಲ್ ಅದನ್ನೂ ನೋಡಿದ, ನನ್ನನ್ನೂ ನೋಡಿದ.

"ಅಕ್ಕ, ಇದು ಪೊರೆ ಬಿಡುವವರೆಗೆ ಮದುವೆ ಆಗುವುದಿಲ್ಲ."

"ಎಂತ ಹೇಳಿದೆ?"

"ಇದನ್ನು ಹೀಗೆ ಬಿಟ್ಟು ನಾನು ಕೋಟು ಹಾಕಿಕೊಂಡು ನಿಲ್ಲುವುದು ಹೇಗೆ?"

"ಮದುವೆ ಕಾಗದ ಹಂಚಿ ಆಗಿದೆ ಎಂದು ಅದಕ್ಕೆ ಗೊತ್ತುಂಟಾ? ಬೂದಿ ಬುಧವಾರ ಯಾವಾಗ ಎಂದು ಅದಕ್ಕೆ ಗೊತ್ತುಂಟಾ?" ನನ್ನ ಸ್ವರ ರತ್ನಾವತಿಯಕ್ಕನ ಮನೆಗೆ ಕೇಳಿರಬೇಕು, ಅವರು ಅರಿಶಿನದ ನೀರು ಹಿಡಿದುಕೊಂಡು ಬಂದರು. ಚಿಮುಕಿಸಿದರು. ಫೋರ್ಮೆನ್ ಹಳದಿಯಾಯಿತು, ಪೊರೆ ಬಿಡಲಿಲ್ಲ.

ಆ ಆದಿತ್ಯವಾರ ಜೊಕಿಮ್ ಬಾಬ್ ಟೊಪ್ಪಿ ಕೈಯಲ್ಲಿ ಹಿಡಿದು, "ರಾಫೆಲ್‌ದು ಎಂತಾಯ್ತು?" ಎಂದರು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿದೆ. ಜಿರಳೆ ಬೇಕು, ಜೀವ ಇರುವುದು ಬೇಕು, ಇಡೀ ಕುಲಶೇಖರದಲ್ಲಿ ಎಲ್ಲಿ ಹುಡುಕುವುದು ಎಂದೆ.

"ನನ್ನ ಬೇಕರಿಯಲ್ಲಿ ಜಿರಳೆ ಇಲ್ಲ," ಎಂದರು ಜೊಕಿಮ್ ಬಾಬ್, ಪಕ್ಕದಲ್ಲಿದ್ದವರಿಗೂ ಕೇಳುವ ಹಾಗೆ. "ನನ್ನ ಬೇಕರಿಯಲ್ಲಿ ಒಂದು ಇರುವೆ ಕೂಡ ಇಲ್ಲ."

ಮರುದಿನ ಬೆಳಿಗ್ಗೆ ಹಿತ್ತಿಲ ಬಾಗಿಲು ತಟ್ಟಿದ ಸದ್ದು. ಜೊಕಿಮ್ ಬಾಬ್ ನಿಂತಿದ್ದರು, ಕೈಯಲ್ಲಿ ರಸ್ಕಿನ ಡಬ್ಬಿ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು. ಒಳಗಿನಿಂದ ಪರಪರ ಸದ್ದು ಬರ್ತಾ ಇತ್ತು.

"ರಸ್ಕ್," ಎಂದರು.

"ತುಂಬ ಉಂಟಾ?" ಎಂದು ಕೇಳಿದೆ.

"ಬೇಕಾದರೆ ನಾಳೆಯೂ ತರ್ತೇನೆ. ಯಾರಿಗೂ ಹೇಳುವುದು ಬೇಡ ಟೀಚರ್." ಹೇಳಿ ಹಿಂದೆ ಮುಂದೆ ನೋಡಿಕೊಂಡು ಹೋದರು. ಹೀಗೆ ತನ್ನ ಮರ್ಯಾದೆ ಪಣಕ್ಕಿಟ್ಟು ಯಾರೂ ನನಗೆ ಏನೂ ತಂದುಕೊಟ್ಟದ್ದಿಲ್ಲ. ಆ ಡಬ್ಬಿ ಹಿಡಿದುಕೊಂಡು ನಾನು ಹಿತ್ತಿಲಲ್ಲಿ ಸುಮಾರು ಹೊತ್ತು ನಿಂತೆ. ಅಸಹ್ಯವೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು.

ಬೇಕರಿಯ ಜಿರಳೆ ಬೆಣ್ಣೆ ತಿಂದು ಬೆಳೆದದ್ದು. ಫೋರ್ಮೆನ್ ಒಂದು ತಿಂದಿತು, ಮರುದಿನ ಎರಡು. ಬೆನ್ನಿನ ಪೊರೆ ಬಿಟ್ಟಿತು, ಹೊಟ್ಟೆಯದ್ದು ಬಿಟ್ಟಿತು, ಬಾಲದ್ದೂ ಬಿಟ್ಟಿತು. ಗೆದ್ದೆ ಎಂದುಕೊಂಡೆ. ಬೆರಳು ಉಳಿಯಿತು.

ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ರೋಸ್. ಮದುಮಗನನ್ನು ಮಣೆಯ ಮೇಲೆ ಕೂರಿಸಿ, ತೆಂಗಿನಕಾಯಿ ಹಾಲು ಮತ್ತು ಎಣ್ಣೆ ಹಚ್ಚಿ, ಹಾಡು ಹೇಳಿ, ಮೀಯಿಸುವುದು. ಅಲ್ಲಿಗೆ ಒಂಟಿ ಬಾಳು ಮುಗಿಯಿತೆಂದು ಲೆಕ್ಕ. ಹೆಣ್ಣಿನ ಮನೆಯಲ್ಲೂ ಅದೇ ಹೊತ್ತಿಗೆ ನಡೀತದೆ, ಆಮೇಲೆ ಇಬ್ಬರೂ ಹೊಸ್ತಿಲು ದಾಟುವ ಹಾಗಿಲ್ಲ. ಹಾಡು ಹೇಳಿಸಲು ನಮ್ಮ ರೊಸಾಲಿನ್ ಮಾವ್ಶಿ, ಮಾಂಯ್‌ನ ತಂಗಿ, ಬಂದು ಕೂತಿದ್ದರು. ಚಪ್ಪರದಲ್ಲಿ ಜನ ತುಂಬಿತ್ತು. ಕಾಯಿ ಹಾಲು ತಾಮ್ರದ ಪಾತ್ರೆಯಲ್ಲಿ ಉಗುರುಬೆಚ್ಚಗೆ ತಯಾರಿತ್ತು. ಜೊಕಿಮ್ ಬಾಬ್ ಬನ್ನಿನ ಬುಟ್ಟಿ ಇಳಿಸಿ ಕಂಬಕ್ಕೊರಗಿ ನಿಂತಿದ್ದರು. ಮದುಮಗ ಇರಲಿಲ್ಲ.

ಕೋಣೆಗೆ ಒಳಗಿನಿಂದ ಚಿಲಕ. ಮಾವ್ಶಿ ಮೊದಲ ಹಾಡನ್ನು ಎರಡು ಸಲ ಹೇಳಿಸಿ, ಇನ್ನು ಎಳೆಯಲಾಗುವುದಿಲ್ಲ ಎಂದು ನನ್ನ ಕಡೆ ನೋಡಿದರು. ನಾನು ಹೋಗಿ ಬಾಗಿಲು ಬಡಿದೆ.

"ರಾಫೆಲ್, ತೆಗಿ."

"ಬೆರಳು ಕಪ್ಪಾಗ್ತಾ ಉಂಟು ಅಕ್ಕ."

"ನಿನ್ನದಾ, ಅದರದಾ?"

"ಅದರದು."

"ತೆಗೀತೀಯಾ, ಬಾಗಿಲು ಒಡೆಯಲು ಶುಕೂರನನ್ನು ಕರೆಯಬೇಕಾ?"

ತೆಗೆದ. ಹೊಸ ಪಂಚೆ, ಬನಿಯನ್ನು, ತೊಡೆಯ ಮೇಲೆ ಪೆಟ್ಟಿಗೆ. ನಾನು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಒಂದೇ ಮಾತು ಹೇಳು. ನಿನಗೆ ಜೂಲಿ ಬೇಡವಾ?"

"ಬೇಕು."

"ಮತ್ತೆಂತ ಮಾರಾಯ?"

ಪೆಟ್ಟಿಗೆಯ ಹಲಗೆಯನ್ನು ಗೆಣ್ಣಿನಿಂದ ತಟ್ಟುತ್ತ ಕೂತ. ತಟ್ಟಿ ತಟ್ಟಿ, ತಲೆ ಎತ್ತದೆ ಹೇಳಿದ. "ಜೂಲಿ ಬಂದರೆ ನೀನು ಹೋಗ್ತೀ."

"ನಾನಾ? ನಾನು ಎಲ್ಲಿಗೆ ಹೋಗುವುದು?"

"ಬೇಕರಿಗೆ."

ಜೆಜು ಮರಿ! ಇಷ್ಟು ವರ್ಷ ಈ ಭೂಮಿಯ ಮೇಲೆ ಒಂದು ನರಪಿಳ್ಳೆಗೂ ಗೊತ್ತಿಲ್ಲ ಎಂದುಕೊಂಡು ನಾನು ತಲೆ ಬಗ್ಗಿಸಿ ಇಗರ್ಜಿಗೆ ಹೋಗಿ ಬರ್ತಾ ಇದ್ದೆ. ಯಾರು ಹೇಳಿದ್ದು ಎಂದು ಕೇಳಿದೆ.

"ಯಾರೂ ಹೇಳಲಿಲ್ಲ. ನನ್ನ ವಿಷಯ ಕೇಳುವಾಗ ಜೊಕಿಮ್ ಬಾಬ್‌ನ ಸ್ವರ ಟಪ್ ಅನ್ತದೆ. ಒಳಗೆ ಬಿರುಕುಂಟು." ಅವನು ಮೂಗು ಒರೆಸಿಕೊಂಡ. "ಮಾಂಯ್ ಹೋದಾಗ ಇದು ಬಂತು. ಇದೂ ಹೋಗಿ, ನೀನೂ ಹೋದರೆ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನನಗೆ ಸಿಟ್ಟೇ ಮೊದಲು ಹೊರಗೆ ಬರುವುದು. "ಹೋಗ್ತೇನೆ! ಹೋಗಿಯೇ ಹೋಗ್ತೇನೆ! ಬೇಕರಿ ಎಂತ ಕುವೈತಿನಲ್ಲಿ ಉಂಟಾ? ನಾನು ಅಲ್ಲಿ ಕೆಮ್ಮಿದರೆ ನಿನಗೆ ಇಲ್ಲಿ ಕೇಳ್ತದೆ. ಮಾಂಯ್ ಇದ್ದಾಗ ಮಾಂಯ್, ಆಮೇಲೆ ನೀನು, ಈಗ ಒಂದು ಅರಣೆಯ ಬೆರಳು! ನನ್ನ ಬಾಳು ಕಾಯುವುದರಲ್ಲೇ ಮುಗಿಯಬೇಕಾ ರಾಫೆಲ್?"

ಅವನ ಕಣ್ಣಲ್ಲಿ ನೀರಿತ್ತು. ನಾನು ಪೆಟ್ಟಿಗೆಯನ್ನು ಕಿತ್ತುಕೊಂಡೆ. ಐದು ವರ್ಷದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು. ನೇರ ಚಪ್ಪರಕ್ಕೆ ಹೋಗಿ ಮಾವ್ಶಿಯ ಮುಂದೆ ಇಟ್ಟೆ.

"ಮೊದಲು ಇದಕ್ಕೆ ರೋಸ್ ಆಗಬೇಕು," ಎಂದೆ.

ಮಾವ್ಶಿ ಎಷ್ಟು ಮದುವೆ ಕಂಡವರೋ ದೇವರೇ ಬಲ್ಲ. ಕುಡಿದು ಬಿದ್ದ ಮದುಮಗನಿಗೂ ಹಾಡು ಹೇಳಿಸಿದವರು. ಪೆಟ್ಟಿಗೆಯ ಜಾಲರಿಯೊಳಗೆ ಇಣುಕಿದರು.

"ಗಂಡಾ, ಹೆಣ್ಣಾ?"

"ಗೊತ್ತಿಲ್ಲ."

"ಹಾಗಾದರೆ ಎರಡು ಹಾಡೂ ಹೇಳುವ," ಎಂದರು.

ಸೂಪಿನ ಬಸಿಯಲ್ಲಿ ಬೆಚ್ಚಗಿನ ಕಾಯಿ ಹಾಲು ಹೊಯ್ದೆವು. ಫೋರ್ಮೆನ್‌ನ ಕಾಲು ಮುಳುಗುವಷ್ಟು. ಬಿಸಿಲಿಗೆ ಮಲಗುವ ಹಾಗೆಯೇ ಹೊಟ್ಟೆ ಊರಿ ಮಲಗಿತು, ಅರ್ಧ ಕಣ್ಣು ಮುಚ್ಚಿ ಎಲ್ಲರನ್ನೂ ನೋಡಿತು. ಹೆಂಗಸರು ಹಾಡಿದರು. ರತ್ನಾವತಿಯಕ್ಕ ಮೂರು ಮಾರು ದೂರ ನಿಂತು, "ನೆಕ್ಕಿತು, ನೆಕ್ಕಿತು!" ಎಂದು ಕೂಗಿದರು. ಅದು ನೆಕ್ಕಿದ್ದು ಹಾಲನ್ನು. ಎರಡು ಹಾಡು ಮುಗಿಯುವಾಗ ಬೆರಳಿನ ಪೊರೆ ನೆನೆದು ಮೆದುವಾಗಿತ್ತು. ಮಾವ್ಶಿ ಕನ್ನಡಕ ಏರಿಸಿ, ಅಲಸಂಡೆಯ ನಾರು ತೆಗೆಯುವ ಹಾಗೆ ಉಗುರಿನ ತುದಿಯಿಂದ ಒಂದೊಂದೇ ಬೆರಳಿನದ್ದು ಎಳೆದು ತೆಗೆದರು. ಹಿಂದಿನ ಬಲಗಾಲಿನ ಕಿರುಬೆರಳು ಮಾತ್ರ ಕಪ್ಪಾಗಿಯೇ ಇತ್ತು. ಅದು ಆಮೇಲೆ ಉದುರಿತು.

ರಾಫೆಲ್ ಯಾವಾಗ ಹೊರಗೆ ಬಂದಿದ್ದನೋ, ನನ್ನ ಹಿಂದೆ ನಿಂತಿದ್ದ. ಬಸಿಗೆ ಬಗ್ಗಿ ಆ ಕಾಲುಗಳನ್ನು ನೋಡಿದ. ಹೋಗಿ ಮಣೆಯ ಮೇಲೆ ಕೂತ.

ಅಕ್ಕನೇ ಮೊದಲು ಹಚ್ಚಬೇಕು ಎಂದರು ಮಾವ್ಶಿ, ಮಾಂಯ್ ಇಲ್ಲದ ಮನೆಯಲ್ಲವಾ. ನಾನು ಬೊಗಸೆ ತುಂಬ ಹಾಲು ತೆಗೆದು ಅವನ ನೆತ್ತಿಗೆ ಹೊಯ್ದೆ. ಚಿಕ್ಕಂದಿನಲ್ಲಿ ಮೀಯಿಸುವಾಗ ಮಾಡುತ್ತಿದ್ದ ಹಾಗೆಯೇ ಕಣ್ಣು ಗಟ್ಟಿ ಮುಚ್ಚಿದ. ಆಗ ನನಗೆ ಅಳು ಬಂತು, ಜನರೆದುರೇ ಅತ್ತೆ. ತಲೆ ಎತ್ತುವಾಗ ಕಂಬದ ಹತ್ತಿರ ಜೊಕಿಮ್ ಬಾಬ್ ನನ್ನನ್ನೇ ನೋಡ್ತಾ ಇದ್ದರು, ಕೈಯಲ್ಲಿ ಒಂದು ಬನ್ನು.

ಮದುವೆ ಆಯ್ತು. ಜೂಲಿ ಮನೆಗೆ ಬಂದ ದಿನವೇ ಸೀರೆ ಎತ್ತಿ ಕಟ್ಟಿ ಬಚ್ಚಲಿಗೆ ಹೋಗಿ ಪೆಟ್ಟಿಗೆಯನ್ನು ಮೂಸಿ ನೋಡಿದಳು. "ಕಾಯಿ ಹಾಲು ಹಚ್ಚಿದವರು ತೊಳೆಯಲಿಲ್ಲವಾ? ಇರುವೆ ಹತ್ತಿದರೆ?" ಎಂದು ಅರಣೆಯನ್ನು ಬೆಚ್ಚಗಿನ ನೀರಿನಲ್ಲಿ ಮೀಯಿಸಿದಳು. ಹಿತ್ತಿಲ ಗೋಡೆಯಿಂದ ಪಾಚಿ ಕೆರೆದು ತಂದು ಒದ್ದೆಮಾಡಿ ಪೆಟ್ಟಿಗೆಯ ಒಂದು ಮೂಲೆಗೆ ತುಂಬಿದಳು. ರಾಫೆಲ್ ಬಾಗಿಲಲ್ಲಿ ನಿಂತು ಅವಳನ್ನು ನೋಡ್ತಾ ಇದ್ದ. ಏನನ್ನೂ ತಟ್ಟಲಿಲ್ಲ.

ಈಸ್ಟರ್ ಕಳೆಯಿತು. ಮುಂದಿನ ಆದಿತ್ಯವಾರ ಜೊಕಿಮ್ ಬಾಬ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಮುಂಬಾಗಿಲಿಗೆ ಬಂದರು, ಹಿತ್ತಿಲಿಗೆ ಅಲ್ಲ. ರಾಫೆಲ್ ಮತ್ತು ಜೂಲಿ ಅಲ್ಲೇ ಇದ್ದರು. ಜೊಕಿಮ್ ಬಾಬ್ ಕುರ್ಚಿಯ ತುದಿಯಲ್ಲಿ ಕೂತು, ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟು, "ಮಗ್ದಲೀನ್, ಇನ್ನು ಹೇಳು," ಎಂದರು. ಟೀಚರ್ ಎನ್ನಲಿಲ್ಲ.

ಹನ್ನೊಂದು ವರ್ಷ ನಾನು ಆ ಮಾತಿಗೆ ಕಾದಿದ್ದೆ. ಉತ್ತರವೂ ತಯಾರಿತ್ತು, ರಾತ್ರಿ ಮಲಗುವಾಗ ಎಷ್ಟೋ ಸಲ ಹೇಳಿ ನೋಡಿದ್ದೆ. ಬಾಯಿ ತೆರೆದೆ.

"ಫೋರ್ಮೆನ್ ಪುನಃ ಬೂದಿ ಬಣ್ಣಕ್ಕೆ ಬಂದಿದೆ," ಎಂದೆ. "ಅದು ಪೊರೆ ಬಿಡಲಿ, ಆಮೇಲೆ ನೋಡುವ."

ಜೂಲಿ ನನ್ನ ಮುಖ ನೋಡಿದಳು. "ಅದಕ್ಕೂ ನಿಮಗೂ ಎಂತ ಸಂಬಂಧ ಅಕ್ಕ? ಪಾಚಿ ಒದ್ದೆ ಇದ್ದರೆ ಅದು ತಾನಾಗಿ ಬಿಡ್ತದೆ."

"ನಿನಗೆ ಗೊತ್ತಿಲ್ಲ," ಎಂದು ಗದರಿ ನಾನು ಒಳಗೆ ಹೋದೆ. ಬಚ್ಚಲಿಗೆ ಹೋಗಿ ಪೆಟ್ಟಿಗೆಯ ಮುಂದೆ ಕೂತೆ. ಹೆದರಿಕೆ, ಬೇರೆಂತ ಅಲ್ಲ. ನಲವತ್ತೇಳು ವರ್ಷ ಒಂದೇ ಬಾಗಿಲಿನಿಂದ ಒಳಗೆ ಹೊರಗೆ ಹೋದವಳು ನಾನು. ಬೇಕರಿಯ ಮನೆಯಲ್ಲಿ ಬೆಳಿಗ್ಗೆ ಎದ್ದು ಯಾವ ಕಡೆ ತಿರುಗುವುದು ಎಂದು ನನಗೆ ಗೊತ್ತಿರಲಿಲ್ಲ. ಹೊರಗೆ ಜೊಕಿಮ್ ಬಾಬ್ ಕುರ್ಚಿ ಸರಿಸಿದ ಸದ್ದು, ಗೇಟಿನ ಸದ್ದು ಕೇಳಿತು. ಫೋರ್ಮೆನ್ ಪಾಚಿಯೊಳಗೆ ತಲೆ ಹುಗಿದುಕೊಂಡಿತ್ತು. ರಾಫೆಲನನ್ನು ಬೈದ ನನ್ನದೇ ಬೈಗುಳ ಒಂದೊಂದಾಗಿ ನೆನಪಿಗೆ ಬಂತು.

ಮುಂದಿನ ಆದಿತ್ಯವಾರ ಪೂಜೆ ಮುಗಿಯಿತು. ಅವರು ಇನ್ನು ಬರಲಿಕ್ಕಿಲ್ಲ ಎಂದುಕೊಂಡು ನಾನು ಬೇಗ ಬೇಗ ಮೆಟ್ಟಿಲಿಳಿದೆ. ಜೊಕಿಮ್ ಬಾಬ್ ಅಂಗಳದಲ್ಲಿ, ಪ್ರತಿ ವಾರ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ ಎಂದು ನಾನು ನೋಡಿದ್ದು ಆವತ್ತೇ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದರು. ಅದೇ ಸ್ವರದಲ್ಲಿ, ಸಿಟ್ಟಿಲ್ಲದೆ, ಕೇಳಿದರು.

"ಫೋರ್ಮೆನ್‌ದು ಎಂತಾಯ್ತು?"

ಬೆಳಿಗ್ಗೆ ಹೊರಡುವಾಗ ನಾನೇ ನೋಡಿ ಬಂದಿದ್ದೆ. ಬೆನ್ನಿನ ಅರ್ಧ ಇನ್ನೂ ಹಾಗೇ ಇತ್ತು, ಬಾಲದಲ್ಲಿ ಒಂದು ತುಂಡು ನೇತಾಡ್ತಾ ಇತ್ತು, ಬೆರಳಿನ ಸುದ್ದಿಯೇ ಬೇಡ.

"ಪೂರ್ತಿ ಬಿಟ್ಟಿತು," ಎಂದೆ. "ಸಂಜೆ ಮನೆಗೆ ಬನ್ನಿ. ಬರುವಾಗ ನನ್ನ ರೋಸಿಗೆ ತೆಂಗಿನಕಾಯಿ ತನ್ನಿ. ಒಳ್ಳೆಯದನ್ನು ನೋಡಿ ತನ್ನಿ, ರಾಫೆಲ್ ಒಂದೊಂದನ್ನೂ ತಟ್ಟಿ ನೋಡ್ತಾನೆ."